ಬೆಂಗಳೂರು–ಮೈಸೂರು ಟೋಲ್ ಹೆದ್ದಾರಿ: ಮಧ್ಯದ ಊರಿನವರು ತಿಳಿದಿರಬೇಕಾದ ಪೂರ್ತಿ ಮಾಹಿತಿ

ಮಂಡ್ಯ: ಬೆಂಗಳೂರಿನವರಿಗೆ ಇದು ಮೈಸೂರಿಗೆ ಹೋಗೋ ರಸ್ತೆ. ಮೈಸೂರಿನವರಿಗೆ ಬೆಂಗಳೂರಿಗೆ ಹೋಗೋ ರಸ್ತೆ. ನಮ್ಮ ಜಿಲ್ಲೆಯವರಿಗೆ ಇದು ಗದ್ದೆಗೆ ಹೋಗಲು ಅಂಡರ್‌ಪಾಸ್‌ನಲ್ಲಿ ದಾಟಬೇಕಾದ ರಸ್ತೆ, ಕಬ್ಬಿನ ಟ್ರ್ಯಾಕ್ಟರ್ ಹತ್ತಬಾರದ ರಸ್ತೆ, ಪಕ್ಕದ ತಾಲ್ಲೂಕಿಗೆ ಕಾರಲ್ಲಿ ಹೋದರೂ ಟೋಲ್ ಕಟ್ಟಬೇಕಾದ ರಸ್ತೆ.

2023ರಲ್ಲಿ ಉದ್ಘಾಟನೆ ಆದಾಗಿನಿಂದ ಈ ಹೆದ್ದಾರಿ ಬಗ್ಗೆ ಜನ ಕೇಳೋ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಟೋಲ್ ಎಲ್ಲೆಲ್ಲಿ ಇದೆ? ಮಂಡ್ಯದಿಂದ ಮೈಸೂರಿಗೆ ಹೋದ್ರೆ ಪೂರ್ತಿ ಯಾಕೆ ಕಟ್ಟಬೇಕು? ಬೈಕ್ ಯಾಕೆ ಬಿಡಲ್ಲ? ಲೋಕಲ್ ಪಾಸ್ ಸಿಗುತ್ತಾ? ವಾಟ್ಸ್‌ಆ್ಯಪ್‌ನಲ್ಲಿ ಇದಕ್ಕೆಲ್ಲ ಉತ್ತರ ಸಿಗುತ್ತೆ, ಆದ್ರೆ ಅರ್ಧ ಹಳೇದು, ಅರ್ಧ ತಪ್ಪು. ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇವೆ.

ಒಂದೇ ನೋಟದಲ್ಲಿ

- ಹೆದ್ದಾರಿ ಸಂಖ್ಯೆ: ರಾಷ್ಟ್ರೀಯ ಹೆದ್ದಾರಿ 275. ಇದು ಮೈಸೂರಿಗೇ ಮುಗಿಯಲ್ಲ. ಹುಣಸೂರು, ಕುಶಾಲನಗರ, ಮಡಿಕೇರಿ, ಪುತ್ತೂರು ಮಾರ್ಗವಾಗಿ ಬಂಟ್ವಾಳದವರೆಗೆ ಹೋಗುತ್ತೆ.
- ಅಗಲೀಕರಣ ಆದ ಉದ್ದ: ಬೆಂಗಳೂರಿನ ಕೆಂಗೇರಿ ಕಡೆಯಿಂದ ಮೈಸೂರಿನವರೆಗೆ ಸುಮಾರು 118 ಕಿ.ಮೀ.
- ಪಥ: ಮಧ್ಯದಲ್ಲಿ 6 ಪಥದ ಮುಖ್ಯರಸ್ತೆ, ಎರಡೂ ಬದಿಯಲ್ಲಿ 2 ಪಥದ ಸರ್ವಿಸ್ ರಸ್ತೆ. ಹಾಗಾಗಿಯೇ ಇದನ್ನು ದಶಪಥ ಅಂತ ಕರೆಯೋದು.
- ವೆಚ್ಚ: ಸುಮಾರು ₹8,480 ಕೋಟಿ.
- ಹಾದುಹೋಗುವ ಜಿಲ್ಲೆಗಳು: ಬೆಂಗಳೂರು ನಗರ, ರಾಮನಗರ (2025ರಿಂದ ಬೆಂಗಳೂರು ದಕ್ಷಿಣ), ಮಂಡ್ಯ, ಮೈಸೂರು.
- ಉದ್ಘಾಟನೆ: 2023ರ ಮಾರ್ಚ್ 12. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ನಡೆದ ಕಾರ್ಯಕ್ರಮದಲ್ಲಿ ಪ್ರಧಾನಿ ನರೇಂದ್ರ ಮೋದಿ ಲೋಕಾರ್ಪಣೆ ಮಾಡಿದರು.
- ಟೋಲ್ ಇರುವ ಜಾಗ: ಕಣಿಮಿಣಿಕೆ, ಶೇಷಗಿರಿಹಳ್ಳಿ, ಗಣಂಗೂರು.

ಎಕ್ಸ್‌ಪ್ರೆಸ್‌ವೇನಾ, ಹೆದ್ದಾರೀನಾ?

ಜನರ ಬಾಯಲ್ಲಿ ಎಕ್ಸ್‌ಪ್ರೆಸ್‌ವೇ ಅಂತಲೇ ಇದೆ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಮಾತ್ರ ಇದು ಪ್ರವೇಶ ನಿಯಂತ್ರಿತ ರಾಷ್ಟ್ರೀಯ ಹೆದ್ದಾರಿ ಅಂತ ಹೇಳಿದೆ. ಅಂದರೆ ಎಲ್ಲೆಂದರಲ್ಲಿ ಹತ್ತುವಂತಿಲ್ಲ, ಎಲ್ಲೆಂದರಲ್ಲಿ ಇಳಿಯುವಂತಿಲ್ಲ. ಗೊತ್ತುಮಾಡಿದ ಜಾಗದಲ್ಲಿ ಮಾತ್ರ ಒಳಗೆ ಬರಬೇಕು, ಹೊರಗೆ ಹೋಗಬೇಕು. ಉಳಿದ ಕಡೆ ಎರಡೂ ಬದಿಗೆ ತಂತಿಬೇಲಿ.

ಹೆಸರಲ್ಲೇನಿದೆ ಅಂತ ಅನ್ನಿಸಬಹುದು. ಮಂಡ್ಯದವರಿಗೆ ಈ "ಪ್ರವೇಶ ನಿಯಂತ್ರಿತ" ಅನ್ನೋ ಮಾತೇ ಮುಖ್ಯ. ಮುಂದೆ ಬರೋ ಎಲ್ಲ ತಕರಾರು ಹುಟ್ಟಿದ್ದು ಅಲ್ಲಿಂದಲೇ.

ರಸ್ತೆ ಬಂದಿದ್ದು ಹೇಗೆ?

ಇದು ಮೊದಲು ರಾಜ್ಯ ಹೆದ್ದಾರಿ 17 ಆಗಿತ್ತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲ ಊರುಗಳ ನಡುಮಧ್ಯದಲ್ಲೇ ಹೋಗ್ತಿತ್ತು. ರಾಜ್ಯ ಸರ್ಕಾರ ಅದನ್ನ ನಾಲ್ಕು ಪಥ ಮಾಡಿತ್ತು. ಆದರೂ ಊರೂರಿಗೆ ಸಿಗ್ನಲ್, ಹಂಪ್ಸ್, ಸಂತೆ, ಜಾತ್ರೆ. ಬೆಂಗಳೂರಿಂದ ಮೈಸೂರಿಗೆ ಮೂರು ಗಂಟೆ ಅನ್ನೋದು ಮಾಮೂಲಿ. ದಸರಾ ಸಮಯದಲ್ಲಿ, ವಾರದ ಕೊನೆಯಲ್ಲಿ ಇನ್ನೂ ಜಾಸ್ತಿ.

ಆಮೇಲೆ ಇದು ರಾಷ್ಟ್ರೀಯ ಹೆದ್ದಾರಿ ಆಯ್ತು. 2018ರಲ್ಲಿ ಆರು ಪಥದ ಯೋಜನೆಗೆ ಶಂಕುಸ್ಥಾಪನೆ ನಡೆಯಿತು. ಕೆಲಸವನ್ನು ಎರಡು ಪ್ಯಾಕೇಜ್ ಮಾಡಿದ್ರು:

1. ಬೆಂಗಳೂರು–ನಿಡಘಟ್ಟ: ಸುಮಾರು 56 ಕಿ.ಮೀ.
2. ನಿಡಘಟ್ಟ–ಮೈಸೂರು: ಸುಮಾರು 61 ಕಿ.ಮೀ.

ನಿಡಘಟ್ಟ ಇರೋದು ಮದ್ದೂರು ತಾಲ್ಲೂಕಲ್ಲಿ, ಚನ್ನಪಟ್ಟಣ ದಾಟಿ ನಮ್ಮ ಜಿಲ್ಲೆಗೆ ಕಾಲಿಡುವ ಜಾಗದಲ್ಲಿ. ಈ ಹೆಸರನ್ನ ನೆನಪಿಟ್ಟುಕೊಳ್ಳಿ, ಟೋಲ್ ಲೆಕ್ಕದಲ್ಲಿ ಮತ್ತೆ ಬರುತ್ತೆ.

ಇನ್ನೊಂದು ಗೊಂದಲ ಇಲ್ಲೇ ಪರಿಹಾರ ಮಾಡಿಕೊಳ್ಳೋಣ. ನೈಸ್ ರಸ್ತೆ ಬೇರೆ, ಇದು ಬೇರೆ. ಬೆಂಗಳೂರು–ಮೈಸೂರು ನಡುವೆ ಖಾಸಗಿ ಎಕ್ಸ್‌ಪ್ರೆಸ್‌ವೇ ಮತ್ತು ಉಪನಗರಗಳನ್ನು ಕಟ್ಟೋ ಯೋಜನೆಗೆ 1995ರಲ್ಲಿ ರಾಜ್ಯ ಸರ್ಕಾರ ಒಡಂಬಡಿಕೆ ಮಾಡಿಕೊಂಡಿತ್ತು, 1997ರಲ್ಲಿ ಒಪ್ಪಂದ ಆಯ್ತು. ಅದರಲ್ಲಿ ಬೆಂಗಳೂರು ಸುತ್ತಲಿನ ಹೊರವರ್ತುಲ ರಸ್ತೆ ಮತ್ತು ಸಂಪರ್ಕ ರಸ್ತೆ ಆಯ್ತು, ಮೈಸೂರಿನವರೆಗೆ ಬರಲೇ ಇಲ್ಲ. ಈಗ ನಾವು ಓಡಾಡ್ತಿರೋದು ಕೇಂದ್ರ ಸರ್ಕಾರದ ಹೆದ್ದಾರಿಯಲ್ಲಿ. ನೈಸ್ ರಸ್ತೆ ಹತ್ತಿದರೆ ಅಲ್ಲಿನ ಟೋಲ್ ಪ್ರತ್ಯೇಕ.

ಐದು ಬೈಪಾಸ್, ಆರು ಊರು ಹೊರಗೆ

ಹೊಸ ಹೆದ್ದಾರಿಯ ವೇಗಕ್ಕೆ ಮುಖ್ಯ ಕಾರಣ ಬೈಪಾಸ್‌ಗಳು. ಅಂದಾಜು ಉದ್ದ ಹೀಗಿದೆ:

- ಬಿಡದಿ: 7 ಕಿ.ಮೀ.
- ರಾಮನಗರ–ಚನ್ನಪಟ್ಟಣ: 22 ಕಿ.ಮೀ.
- ಮದ್ದೂರು: 4.5 ಕಿ.ಮೀ.
- ಮಂಡ್ಯ: 10 ಕಿ.ಮೀ.
- ಶ್ರೀರಂಗಪಟ್ಟಣ: 8 ಕಿ.ಮೀ.

ಎಲ್ಲ ಸೇರಿದ್ರೆ 50 ಕಿ.ಮೀ. ದಾಟುತ್ತೆ. ಅಂದರೆ 118 ಕಿ.ಮೀ. ರಸ್ತೆಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹಳೇ ದಾರಿಯಲ್ಲಿ ಇಲ್ಲವೇ ಇಲ್ಲ.

ಪ್ರಯಾಣ 75 ನಿಮಿಷಕ್ಕೆ ಇಳಿಯುತ್ತೆ ಅಂತ ಉದ್ಘಾಟನೆ ಸಮಯದಲ್ಲಿ ಹೇಳಿದ್ರು. ಲೆಕ್ಕ ಸರಿಯಾಗೇ ಇದೆ. 118 ಕಿ.ಮೀ.ಯನ್ನು ಗಂಟೆಗೆ 100 ಕಿ.ಮೀ. ವೇಗದಲ್ಲಿ ಎಲ್ಲೂ ನಿಲ್ಲದೆ ಹೋದ್ರೆ 71 ನಿಮಿಷ ಆಗುತ್ತೆ. ಆದ್ರೆ ಅದು ಕೆಂಗೇರಿ ಕಡೆಯಿಂದ ಶುರುವಾಗೋ ಲೆಕ್ಕ. ಮೆಜೆಸ್ಟಿಕ್‌ನಿಂದ ಕೆಂಗೇರಿ ದಾಟೋ ಹೊತ್ತನ್ನ ನೀವೇ ಸೇರಿಸ್ಕೊಳ್ಳಿ.

ಟೋಲ್ ಎಲ್ಲೆಲ್ಲಿ?

ಮೊದಲ ಭಾಗ, ಬೆಂಗಳೂರು–ನಿಡಘಟ್ಟ: ಬೆಂಗಳೂರಿನಿಂದ ಹೊರಡುವವರಿಗೆ ಕುಂಬಳಗೋಡು ಹತ್ತಿರದ ಕಣಿಮಿಣಿಕೆಯಲ್ಲಿ ಟೋಲ್. ಬೆಂಗಳೂರಿಗೆ ಹೋಗುವವರಿಗೆ ಬಿಡದಿ ಹತ್ತಿರದ ಶೇಷಗಿರಿಹಳ್ಳಿಯಲ್ಲಿ ಟೋಲ್. ಒಂದು ದಿಕ್ಕಿಗೆ ಒಂದೇ ಕಡೆ ಕಟ್ಟೋದು. ಇದು 2023ರ ಮಾರ್ಚ್ 14ರಂದು ಶುರುವಾಯ್ತು. ಅದಕ್ಕೂ ಮೊದಲು ಫೆಬ್ರವರಿ 28ಕ್ಕೆ ಶುರು ಮಾಡೋದಿತ್ತು, ಸರ್ವಿಸ್ ರಸ್ತೆಯೇ ಪೂರ್ತಿ ಆಗಿಲ್ಲ ಅನ್ನೋ ವಿರೋಧದ ನಡುವೆ ಮುಂದಕ್ಕೆ ಹೋಯ್ತು. ಶುರುವಾದ ದಿನವೂ ಟೋಲ್ ಬಳಿ ಪ್ರತಿಭಟನೆ ನಡೆಯಿತು.

ಎರಡನೇ ಭಾಗ, ನಿಡಘಟ್ಟ–ಮೈಸೂರು: ಶ್ರೀರಂಗಪಟ್ಟಣ ತಾಲ್ಲೂಕಿನ ಗಣಂಗೂರಿನಲ್ಲಿ ಎರಡೂ ದಿಕ್ಕಿನವರಿಗೂ ಟೋಲ್. ಇದು 2023ರ ಜುಲೈ 1ರಿಂದ ಶುರು.

ಆರಂಭದ ದರ ಕಾರಿಗೆ ಮೊದಲ ಭಾಗದಲ್ಲಿ ₹135, ಎರಡನೇ ಭಾಗದಲ್ಲಿ ₹155 ಇತ್ತು. 24 ಗಂಟೆಯೊಳಗೆ ವಾಪಸ್ ಬರೋದಾದ್ರೆ ಎರಡೂ ಸೇರಿ ₹205 ಮತ್ತು ₹235. ಆಮೇಲೆ ದರ ಪರಿಷ್ಕರಣೆ ಆಗಿದೆ. ಹೊರಡುವ ಮುಂಚೆ ಟೋಲ್ ಬೋರ್ಡಿನಲ್ಲಿರೋ ಅಥವಾ ಪ್ರಾಧಿಕಾರದ ಆ್ಯಪ್‌ನಲ್ಲಿರೋ ಇವತ್ತಿನ ದರ ನೋಡ್ಕೊಳ್ಳಿ.

ಮಧ್ಯದವರಿಗೆ ಯಾಕೆ ಪೂರ್ತಿ ಟೋಲ್?

ಇದು ನಮ್ಮ ಜಿಲ್ಲೆಯ ಅತಿ ದೊಡ್ಡ ಪ್ರಶ್ನೆ. ಉತ್ತರ ಸರಳ. ಈ ರಸ್ತೆಯಲ್ಲಿ ನೀವು ಎಷ್ಟು ಕಿ.ಮೀ. ಓಡಿಸಿದ್ರಿ ಅಂತ ಯಾರೂ ಅಳೆಯಲ್ಲ. ಟೋಲ್ ಗೇಟ್ ದಾಟಿದ್ರಾ ಇಲ್ವಾ ಅನ್ನೋದಷ್ಟೇ ಲೆಕ್ಕ. ದಾಟಿದರೆ ಆ ಭಾಗದ ಪೂರ್ತಿ ಹಣ, ದಾಟದಿದ್ರೆ ಸೊನ್ನೆ.

ಉದಾಹರಣೆ ನೋಡಿ:

- ಮದ್ದೂರಿನಿಂದ ಮಂಡ್ಯಕ್ಕೆ: ಮಧ್ಯೆ ಗೇಟ್ ಇಲ್ಲ. ಟೋಲ್ ಇಲ್ಲ.
- ಮಂಡ್ಯದಿಂದ ಬೆಂಗಳೂರಿಗೆ: ಗಣಂಗೂರು ದಾರಿಯಲ್ಲಿ ಬರಲ್ಲ. ಶೇಷಗಿರಿಹಳ್ಳಿಯಲ್ಲಿ ಮಾತ್ರ ಕಟ್ಟಬೇಕು.
- ಮಂಡ್ಯದಿಂದ ಶ್ರೀರಂಗಪಟ್ಟಣಕ್ಕೆ: ದೂರ 25 ಕಿ.ಮೀ. ಆಸುಪಾಸು. ಆದ್ರೆ ಗಣಂಗೂರು ಮಧ್ಯೆ ಬರುತ್ತೆ. ಹಾಗಾಗಿ 61 ಕಿ.ಮೀ. ಭಾಗದ ಪೂರ್ತಿ ಟೋಲ್.
- ಬೆಂಗಳೂರಿನಿಂದ ಮೈಸೂರಿಗೆ: ಎರಡೂ ಕಡೆ ಕಟ್ಟಬೇಕು. ರಸ್ತೆಯನ್ನೂ ಪೂರ್ತಿ ಬಳಸಿರ್ತಾರೆ.

ಅಂದರೆ ಎರಡು ನಗರದ ನಡುವೆ ಓಡಾಡೋರಿಗೆ ದರ ಮತ್ತು ದೂರ ಎರಡೂ ಸರಿಹೋಗುತ್ತೆ. ಗೇಟಿನ ಆಚೆ ಈಚೆ ದಿನಾ ಕೆಲಸ ಇರೋ ಊರಿನವರಿಗೆ ಹೋಗಲ್ಲ. ಗಣಂಗೂರು ಸುತ್ತಮುತ್ತಲಿನವರ ಸಿಟ್ಟು ಬರೀ ಹಣದ ಮೇಲಲ್ಲ, ಈ ಲೆಕ್ಕದ ಮೇಲೆ.

ದರ ನಿಗದಿ ಆಗೋದು ಹೇಗೆ?

ದೇಶದ ರಾಷ್ಟ್ರೀಯ ಹೆದ್ದಾರಿ ಟೋಲ್‌ಗೆಲ್ಲ 2008ರ ಶುಲ್ಕ ನಿಯಮಗಳೇ ಆಧಾರ. ಅದರಲ್ಲಿ 2007–08ನ್ನು ಮೂಲ ವರ್ಷ ಅಂತ ಇಟ್ಕೊಂಡು ಕಾರಿಗೆ ಕಿ.ಮೀ.ಗೆ 65 ಪೈಸೆ, ಲಘು ಸರಕು ವಾಹನಕ್ಕೆ ₹1.05, ಬಸ್ಸು ಮತ್ತು ಎರಡು ಆ್ಯಕ್ಸೆಲ್ ಲಾರಿಗೆ ₹2.20 ಅಂತ ಗೊತ್ತುಮಾಡಿದ್ದಾರೆ. ಪ್ರತಿ ವರ್ಷ ಅದಕ್ಕೆ ಶೇ 3ರಷ್ಟು ಸೇರುತ್ತೆ. ಜೊತೆಗೆ ಸಗಟು ಬೆಲೆ ಸೂಚ್ಯಂಕ ಏರಿದ್ದರ ಶೇ 40 ಭಾಗವೂ ಸೇರುತ್ತೆ. ಸಾಮಾನ್ಯವಾಗಿ ಪ್ರತಿ ಏಪ್ರಿಲ್ 1ಕ್ಕೆ ಹೊಸ ದರ ಬರೋದು ಇದಕ್ಕೇ. 2024ರಲ್ಲಿ ಲೋಕಸಭೆ ಚುನಾವಣೆ ಇದ್ದಿದ್ದಕ್ಕೆ ಏರಿಕೆಯನ್ನ ಜೂನ್‌ಗೆ ಮುಂದೂಡಿದ್ರು.

ಸೇತುವೆ, ಮೇಲ್ಸೇತುವೆ ಜಾಸ್ತಿ ಇದ್ರೆ ದರವೂ ಜಾಸ್ತಿ. ದೊಡ್ಡ ಸೇತುವೆಯ ಉದ್ದವನ್ನ ಟೋಲ್ ಲೆಕ್ಕದಲ್ಲಿ 10 ಪಟ್ಟು ಮಾಡಿ ಹಿಡಿಯೋ ಪದ್ಧತಿ ಇದೆ. ಸೇತುವೆಗಳೇ ತುಂಬಿರೋ ರಸ್ತೆಗಳಿಗೆ ಭಾರ ಕಮ್ಮಿ ಮಾಡಲು 2025ರ ಜುಲೈನಲ್ಲಿ ಈ ನಿಯಮಕ್ಕೆ ತಿದ್ದುಪಡಿ ತಂದಿದ್ದಾರೆ.

ಇನ್ನೊಂದು ತಪ್ಪು ತಿಳಿವಳಿಕೆ: "ರಸ್ತೆ ಮಾಡಿದ ಕಂಪನಿಯವನೇ ಟೋಲ್ ದುಡ್ಡು ತಗೋತಾನೆ." ಈ ರಸ್ತೆ ಆಗಿದ್ದು ಹೈಬ್ರಿಡ್ ಆ್ಯನ್ಯುಟಿ ಅನ್ನೋ ಪದ್ಧತಿಯಲ್ಲಿ. ಇದರಲ್ಲಿ ಯೋಜನಾ ವೆಚ್ಚದ ಶೇ 40ನ್ನು ಸರ್ಕಾರ ಕಾಮಗಾರಿ ನಡೆಯುವಾಗಲೇ ಗುತ್ತಿಗೆದಾರರಿಗೆ ಕೊಡುತ್ತೆ. ಉಳಿದ ಶೇ 60ನ್ನು ಗುತ್ತಿಗೆದಾರರು ಮೊದಲು ಹಾಕ್ತಾರೆ, ಅದನ್ನ ಸರ್ಕಾರ ವರ್ಷಗಟ್ಟಲೆ ಕಂತಿನಲ್ಲಿ ಬಡ್ಡಿ ಸಮೇತ ತೀರಿಸುತ್ತೆ. ಟೋಲ್ ವಸೂಲಿ ಹಕ್ಕು ಹೆದ್ದಾರಿ ಪ್ರಾಧಿಕಾರದ್ದೇ. ಗೇಟಿನಲ್ಲಿ ಕೂತಿರೋರು ಟೆಂಡರ್ ಹಿಡಿದ ಏಜೆನ್ಸಿಯ ಕೆಲಸಗಾರರು, ದರ ಇಡೋರು ಅವರಲ್ಲ. ಹಾಗಾಗಿ ಗೇಟಲ್ಲಿರೋ ಹುಡುಗರ ಜೊತೆ ಜಗಳ ಆಡಿ ಉಪಯೋಗ ಇಲ್ಲ.

ಯಾವ ಪಾಸ್ ಯಾರಿಗೆ ಲಾಭ?

*ವಾಪಸ್ ಪ್ರಯಾಣ:* 24 ಗಂಟೆಯೊಳಗೆ ಅದೇ ದಾರಿಯಲ್ಲಿ ವಾಪಸ್ ಬಂದರೆ ಒಟ್ಟು ಒಂದೂವರೆ ಪಟ್ಟು ಮಾತ್ರ.

*ತಿಂಗಳ ಪಾಸ್:* ಒಂದು ತಿಂಗಳಲ್ಲಿ 50 ಸಲ ದಾಟಲು, ಒಟ್ಟು ದರದ ಮೂರನೇ ಎರಡು ಭಾಗ ಕಟ್ಟಬೇಕು. ಒಂದು ಸಲಕ್ಕೆ ₹150 ಅಂತ ಇಟ್ಕೊಂಡ್ರೆ ಸುಮಾರು ₹5,000 ಆಗುತ್ತೆ.

*ವಾರ್ಷಿಕ ಪಾಸ್:* 2025ರ ಆಗಸ್ಟ್ 15ರಿಂದ ಬಂದಿದೆ. ಖಾಸಗಿ ಕಾರು, ಜೀಪು, ವ್ಯಾನ್‌ಗೆ ಮಾತ್ರ. ಜಾರಿಗೆ ಬಂದಾಗ ಇದರ ಬೆಲೆ ₹3,000. ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲು ಮುಗಿಯುತ್ತೋ ಅಲ್ಲಿಯವರೆಗೆ. ಲೆಕ್ಕ ಹಾಕಿದ್ರೆ ಗೇಟಿಗೆ ಒಂದು ಸಲಕ್ಕೆ ₹15. ಸ್ವಂತ ಕಾರಲ್ಲಿ ಮಂಡ್ಯದಿಂದ ಮೈಸೂರಿಗೆ ದಿನಾ ಕೆಲಸಕ್ಕೆ ಹೋಗಿ ಬರೋರಿಗೆ ದಿನಕ್ಕೆ ಎರಡು ಸಲ ದಾಟಿದಂತೆ. ಅಂದ್ರೆ 100 ಕೆಲಸದ ದಿನಕ್ಕೆ ಪಾಸ್ ಮುಗಿಯುತ್ತೆ, ಮತ್ತೆ ಮಾಡಿಸ್ಕೋಬೇಕು. ಆದ್ರೂ ತಿಂಗಳ ಪಾಸಿಗಿಂತ ಎಷ್ಟೋ ಅಗ್ಗ. ಹಳದಿ ಬೋರ್ಡ್ ಟ್ಯಾಕ್ಸಿ, ಗೂಡ್ಸ್ ಗಾಡಿಗಳಿಗೆ ಇದು ಸಿಗಲ್ಲ. ರಾಜ್ಯದ ಅಥವಾ ಖಾಸಗಿ ಟೋಲ್ ರಸ್ತೆಗಳಲ್ಲೂ ನಡೆಯಲ್ಲ.

*ಲೋಕಲ್ ಪಾಸ್:* ಟೋಲ್ ಗೇಟಿನಿಂದ 20 ಕಿ.ಮೀ. ಒಳಗಿನವರ ಖಾಸಗಿ ವಾಹನಕ್ಕೆ ಕಡಿಮೆ ದರದ ತಿಂಗಳ ಪಾಸ್ ಕೊಡೋ ಅವಕಾಶ 2008ರ ನಿಯಮದಲ್ಲಿದೆ. ಮೂಲ ದರ ₹150 ಇದ್ದಿದ್ದು ವರ್ಷ ವರ್ಷ ಏರಿ 2025–26ಕ್ಕೆ ₹350 ಆಗಿದೆ. ಕೇಳಬೇಕಾದ್ರೆ ಆರ್‌ಸಿ ಮತ್ತು ವಿಳಾಸದ ದಾಖಲೆ ತಗೊಂಡು ಟೋಲ್ ಕಚೇರಿಗೆ ಹೋಗಬೇಕು.

ಆದ್ರೆ ಅದೇ ನಿಯಮದ ಕೆಳಗೆ ಇನ್ನೊಂದು ಸಾಲಿದೆ. ಸರ್ವಿಸ್ ರಸ್ತೆ ಅಥವಾ ಪರ್ಯಾಯ ರಸ್ತೆ ಇದ್ದರೆ ಈ ಪಾಸ್ ಕೊಡುವಂತಿಲ್ಲ ಅಂತ. ಗಮನಿಸಿ, ರಸ್ತೆ "ಇದ್ದರೆ" ಅಂತ ಇದೆ. ಗುಂಡಿ ಇದೆಯಾ, ದೀಪ ಇದೆಯಾ, ಮಳೆ ಬಂದ್ರೆ ನೀರು ನಿಲ್ಲುತ್ತಾ ಅನ್ನೋದು ಅಲ್ಲಿಲ್ಲ. ನಮ್ಮ ಜಿಲ್ಲೆಯಲ್ಲಿ ಸರ್ವಿಸ್ ರಸ್ತೆ ಅನ್ನೋದು ಸಣ್ಣ ವಿಷಯ ಅಲ್ಲ ಅನ್ನೋದು ಇದಕ್ಕೇ. ಟೋಲ್ ಕಟ್ಟಲು ಆಗದವರ ರಸ್ತೆಯೂ ಅದೇ, ಹೆದ್ದಾರಿ ಹತ್ತಲು ಬಿಡದವರ ರಸ್ತೆಯೂ ಅದೇ. ಅದು ಪೂರ್ತಿಯಾಗಿ, ಸರಿಯಾಗಿ ಇರಬೇಕು ಅಂತ ಕೇಳೋದು ದಾನ ಕೇಳಿದಂತಲ್ಲ.

ಫಾಸ್ಟ್ಯಾಗ್: ಮೂರು ಮಾತು ನೆನಪಿರಲಿ

1. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯ. ಟ್ಯಾಗ್ ಇಲ್ಲದೆ ಅಥವಾ ಬ್ಲ್ಯಾಕ್‌ಲಿಸ್ಟ್ ಆಗಿದ್ದು ಬಂದು ನಗದು ಕೊಟ್ಟರೆ ಎರಡು ಪಟ್ಟು ಅನ್ನೋ ನಿಯಮ ಆಗ ಬಂದಿತ್ತು. 2025ರ ನವೆಂಬರ್ 15ರಿಂದ ಯುಪಿಐನಲ್ಲಿ ಕಟ್ಟಿದರೆ ಒಂದೂಕಾಲು ಪಟ್ಟು ಅನ್ನೋ ನಿಯಮ ಬಂತು.
2. ನಿಮ್ಮ ಟ್ಯಾಗ್ ಸರಿ ಇದ್ದು, ಹಣವೂ ಇದ್ದು, ಗೇಟಿನ ಯಂತ್ರವೇ ಕೆಟ್ಟು ಓದದೆ ಹೋದ್ರೆ ಹಣ ಕಟ್ಟಬೇಕಾಗಿಲ್ಲ. ಶೂನ್ಯ ಮೊತ್ತದ ರಸೀದಿ ಕೇಳಿ ಪಡೆದು ಹೋಗಬಹುದು. ಈ ನಿಯಮ 2018ರಲ್ಲೇ ಬಂದಿದೆ.
3. "100 ಮೀಟರ್‌ಗಿಂತ ಉದ್ದ ಕ್ಯೂ ಇದ್ರೆ ಫ್ರೀ" ಅನ್ನೋ ಮೆಸೇಜ್ ಈಗಲೂ ಓಡಾಡ್ತಿದೆ. ಅದು 2021ರ ಮಾರ್ಗಸೂಚಿ. 2024ರಲ್ಲಿ ಪ್ರಾಧಿಕಾರ ಅದನ್ನ ವಾಪಸ್ ತಗೊಂಡಿದೆ. ಅದನ್ನ ಹಿಡ್ಕೊಂಡು ಗೇಟಲ್ಲಿ ವಾದ ಮಾಡಬೇಡಿ.

ಬೈಕ್, ಆಟೋ, ಟ್ರ್ಯಾಕ್ಟರ್ ಯಾಕಿಲ್ಲ?

2023ರ ಆಗಸ್ಟ್ 1ರಿಂದ ಮುಖ್ಯರಸ್ತೆಗೆ ಇವುಗಳಿಗೆ ಪ್ರವೇಶ ಇಲ್ಲ: ಬೈಕ್ ಮತ್ತು ಸ್ಕೂಟರ್, ಆಟೋ ಸೇರಿದಂತೆ ತ್ರಿಚಕ್ರ ವಾಹನ, ಟ್ರ್ಯಾಕ್ಟರ್ (ಟ್ರೈಲರ್ ಇದ್ದರೂ ಇಲ್ಲದಿದ್ದರೂ), ಎತ್ತಿನಗಾಡಿ, ಸೈಕಲ್‌ನಂಥ ಮೋಟಾರ್ ಇಲ್ಲದ ವಾಹನಗಳು, ಬಹು ಆ್ಯಕ್ಸೆಲ್ ಹೈಡ್ರಾಲಿಕ್ ಟ್ರೈಲರ್. ಹತ್ತಿದರೆ ದಂಡ.

ವೇಗವಾಗಿ ಬರೋ ವಾಹನದ ಮುಂದೆ ನಿಧಾನಕ್ಕೆ ಹೋಗೋ ವಾಹನ ಇದ್ರೆ ಅಪಾಯ ಅನ್ನೋದು ಕಾರಣ. ಕಾರಣ ಸುಳ್ಳಲ್ಲ. 100ರಲ್ಲಿ ಬರೋ ಕಾರು ಸೆಕೆಂಡಿಗೆ ಹತ್ತಿರ ಹತ್ತಿರ 28 ಮೀಟರ್ ಮುಂದೆ ಬಂದಿರುತ್ತೆ. 30ರಲ್ಲಿ ಹೋಗೋ ಟ್ರ್ಯಾಕ್ಟರ್ ರಾತ್ರಿ ಹೊತ್ತು ಹಿಂದಿನ ದೀಪ ಇಲ್ಲದೆ ಇದ್ರೆ ಕಂಡಾಗ ಬ್ರೇಕ್ ಹಾಕಲು ಜಾಗವೇ ಇರಲ್ಲ.

ಆದ್ರೆ ಮಂಡ್ಯ ಜಿಲ್ಲೆಯಲ್ಲಿ ಎಷ್ಟು ಮನೇಲಿ ಕಾರಿದೆ, ಎಷ್ಟು ಮನೇಲಿ ಬೈಕಿದೆ ಅಂತ ಬೀದಿಗೆ ಬಂದು ನಿಂತು ನೋಡಿದ್ರೆ ಸಾಕು. ಈ ಸುದ್ದಿಗಳಿಗೆ ಓಡಾಡೋ ನಾನೂ ಬೈಕಿನವನೇ. ಮದ್ದೂರಿಂದ ಶ್ರೀರಂಗಪಟ್ಟಣದವರೆಗೆ ಹೆದ್ದಾರಿ ಬಗ್ಗೆ ಬರೆಯೋದು, ಓಡಾಡೋದು ಮಾತ್ರ ಸರ್ವಿಸ್ ರಸ್ತೆಯಲ್ಲಿ. ಕಬ್ಬು ಅರೆಯೋ ಕಾಲದಲ್ಲಿ ಅದೇ ಎರಡು ಪಥದಲ್ಲಿ ಕಬ್ಬಿನ ಟ್ರ್ಯಾಕ್ಟರ್, ಶಾಲೆ ಮಕ್ಕಳ ಸೈಕಲ್, ಹಾಲಿನ ಕ್ಯಾನ್ ಕಟ್ಟಿದ ಸ್ಕೂಟರ್, ಶೇರ್ ಆಟೋ ಎಲ್ಲ. ಮುಖ್ಯರಸ್ತೆಯ ಅಪಾಯವನ್ನ ಕೆಳಗಿಳಿಸಿ ಇಲ್ಲಿಗೆ ಕಳಿಸಿದ್ರೆ ಕೆಲಸ ಮುಗಿಯಲ್ಲ.

ಸರ್ವಿಸ್ ರಸ್ತೆಯಲ್ಲಿ ಹೋಗೋರು ಗಮನಿಸಿ:

- ಎದುರಿಂದ ವಾಹನ ಬರುತ್ತೆ ಅಂತಲೇ ಅಂದುಕೊಂಡು ಓಡಿಸಿ. ಇದು ಒನ್‌ವೇ ಅಂತ ಭಾವಿಸಬೇಡಿ.
- ಮುಖ್ಯರಸ್ತೆಯಿಂದ ಇಳಿಯೋ ಕಾರುಗಳು ವೇಗ ಇಳಿಸದೇ ಬರ್ತವೆ. ಎಕ್ಸಿಟ್ ಹತ್ತಿರ ಎಡಕ್ಕೆ ಇರಿ.
- ಟ್ರ್ಯಾಕ್ಟರ್ ಟ್ರೈಲರ್ ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸಿ. ಖರ್ಚು ಕಮ್ಮಿ, ಉಳಿಯೋದು ಜೀವ.

ಅಪಘಾತ: ಮೊದಲ ವರ್ಷ ಕಲಿಸಿದ ಪಾಠ

2023ರ ಮೊದಲಾರ್ಧದಲ್ಲೇ ಈ ಹೆದ್ದಾರಿಯಲ್ಲಿ ಸತ್ತವರ ಸಂಖ್ಯೆ ನೂರು ದಾಟಿತ್ತು. ವಿಧಾನಸಭೆಯಲ್ಲೂ ಚರ್ಚೆ ಆಯ್ತು. ಅತಿವೇಗ, ಲೇನ್ ಶಿಸ್ತು ಇಲ್ಲದ್ದು, ರಸ್ತೆ ಬದಿ ಗಾಡಿ ನಿಲ್ಲಿಸೋದು, ಬೇಲಿ ಸಂದಿಯಲ್ಲಿ ನುಗ್ಗಿ ನಡೆದು ದಾಟೋದು, ಬೋರ್ಡ್ ಸರಿಯಿಲ್ಲದೆ ಎಕ್ಸಿಟ್ ಗೊತ್ತಾಗದ್ದು, ಹೀಗೆ ಕಾರಣ ಹಲವು.

ಆಮೇಲೆ ಪೊಲೀಸರು ವೇಗದ ಗನ್ ಹಿಡಿದು ನಿಂತರು. ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ ಜಾರಿ ಮಾಡಿದರು. ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳು ಬಂದವು, ಈಗ ದಂಡ ಮನೆಗೇ ಬರುತ್ತೆ. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ 130 ಕಿ.ಮೀ. ಮೀರಿ ಓಡಿಸಿದವರ ಮೇಲೆ ಎಫ್‌ಐಆರ್ ಹಾಕೋ ಕ್ರಮವೂ ಶುರುವಾಯ್ತು. 2024ರಲ್ಲಿ ಸಾವಿನ ಸಂಖ್ಯೆ ಗಣನೀಯವಾಗಿ ಇಳಿಯಿತು. ರಸ್ತೆ ಅದೇ, ವೇಗ ಇಳೀತು, ಸಾವು ಇಳೀತು.

ಎಕ್ಸಿಟ್ ತಪ್ಪಿದ್ರೆ ಏನು ಮಾಡ್ಬೇಕು? ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣ ಊರೊಳಗೆ ಹೋಗೋರು ಬೈಪಾಸ್ ಶುರುವಾಗೋ ಮುಂಚೆಯೇ ಎಡಕ್ಕೆ ಬಂದು ಇಳಿಯಬೇಕು. ತಪ್ಪಿದರೆ ಬೈಪಾಸ್ ಮುಗಿಯೋವರೆಗೂ ಹೋಗಿ ಅಲ್ಲಿ ಇಳಿದು ವಾಪಸ್ ಬನ್ನಿ. ಮಂಡ್ಯಕ್ಕೆ ಅಂದರೆ ಹತ್ತು ಕಿ.ಮೀ. ಮುಂದೆ ಹೋಗ್ತೀರಿ, ಅಷ್ಟೇ. ರಿವರ್ಸ್ ಹಾಕೋದು ಮಾತ್ರ ಬೇಡ.

ಮಳೆ ಬಂದ್ರೆ?

2022ರ ಆಗಸ್ಟ್ ಕೊನೆಯ ಮಳೆಯಲ್ಲಿ, ಇನ್ನೂ ಉದ್ಘಾಟನೆ ಆಗೋ ಮೊದಲೇ, ರಾಮನಗರ–ಚನ್ನಪಟ್ಟಣ ಭಾಗದಲ್ಲಿ ಹೆದ್ದಾರಿ ಮೇಲೆ ನೀರು ನಿಂತು ವಾಹನಗಳು ಮುಳುಗಿದ್ದವು. ಉದ್ಘಾಟನೆ ಆಗಿ ಒಂದು ವಾರಕ್ಕೆ, 2023ರ ಮಾರ್ಚ್ 18ರಂದು, ರಾಮನಗರ ಹತ್ತಿರದ ಸಂಗಬಸವನದೊಡ್ಡಿ ಅಂಡರ್‌ಪಾಸ್‌ನಲ್ಲಿ ಮತ್ತೆ ನೀರು ತುಂಬಿತು.

ಎತ್ತರಿಸಿದ ಹೆದ್ದಾರಿ ಕೆರೆ ಕೋಡಿ ನೀರು, ಹಳ್ಳದ ನೀರು ಹರಿಯೋ ದಾರಿಗೆ ಅಡ್ಡ ಬರುತ್ತೆ. ಮೋರಿ ಸಣ್ಣದಾದ್ರೆ ಅಥವಾ ಹೂಳು ತುಂಬಿದ್ರೆ ನೀರು ಅಂಡರ್‌ಪಾಸ್‌ಗೆ ಬರುತ್ತೆ, ಇಲ್ಲ ಗದ್ದೆಗೆ ನುಗ್ಗುತ್ತೆ. ವಿಶ್ವೇಶ್ವರಯ್ಯ ನಾಲೆ ಬಯಲಿನ ನಮ್ಮ ರೈತರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಅಂಡರ್‌ಪಾಸ್‌ನಲ್ಲಿ ನೀರು ನಿಂತಿದ್ರೆ ಆಳ ಗೊತ್ತಿಲ್ಲದೆ ಬೈಕ್ ಇಳಿಸಬೇಡಿ.

ಊರು, ಅಂಗಡಿ, ಬಸ್ಸು

ಹಳೇ ರಸ್ತೆಯಲ್ಲಿ ಪ್ರತಿ ಊರಿಗೂ ಒಂದು ನಿಲ್ದಾಣ, ಒಂದು ರುಚಿ ಇತ್ತು. ಬಿಡದಿ ತಟ್ಟೆ ಇಡ್ಲಿ, ಚನ್ನಪಟ್ಟಣದ ಗೊಂಬೆ, ಮದ್ದೂರು ವಡೆ, ಹೊಸ ಬೆಲ್ಲ, ಎಳನೀರು. ದಾರಿಹೋಕರೇ ಗಿರಾಕಿಗಳು. ಬೈಪಾಸ್ ಬಂದ ಮೇಲೆ ದೂರದ ಕಾರುಗಳು ಊರೊಳಗೆ ಬರೋದು ನಿಂತವು. ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಸೂಚಿಕೆ ಮಾನ್ಯತೆ ಇದೆ, ಆದ್ರೆ ಗಿರಾಕಿ ಹೋಗೋದು ಊರ ಹೊರಗಿನ ದಾರೀಲಿ. ಹೊಸ ಹೆದ್ದಾರಿ ಉದ್ಘಾಟನೆ ಆದ ಹೊತ್ತಿಗೆ ದಾರಿಬದಿ ಶೌಚಾಲಯ, ಹೋಟೆಲ್ ಸೌಲಭ್ಯವೂ ಇರಲಿಲ್ಲ.

ಇನ್ನೊಂದು ಕಡೆ ನೋಡಿದ್ರೆ ಮಂಡ್ಯ ಪೇಟೆಯೊಳಗೆ ಲಾರಿ ಕಾಟ ಕಮ್ಮಿ ಆಯ್ತು. ಮೈಸೂರಿನ ಆಸ್ಪತ್ರೆಗೆ ಆಂಬುಲೆನ್ಸ್ ಬೇಗ ಹೋಗುತ್ತೆ. ರಸ್ತೆಯಿಂದ ನಮಗೆ ಏನೂ ಸಿಕ್ಕಿಲ್ಲ ಅಂದ್ರೆ ಅದೂ ಸುಳ್ಳಾಗುತ್ತೆ.

ಬಸ್ಸಿನವರಿಗೆ ಒಂದು ಕಿವಿಮಾತು. ತಡೆರಹಿತ ಬಸ್ಸುಗಳು ಬೈಪಾಸ್‌ನಲ್ಲೇ ಹೋಗ್ತವೆ. ಮದ್ದೂರು, ಚನ್ನಪಟ್ಟಣ, ಶ್ರೀರಂಗಪಟ್ಟಣಕ್ಕೆ ಹೋಗೋರು ಹತ್ತೋ ಮುಂಚೆಯೇ "ಊರೊಳಗೆ ಹೋಗುತ್ತಾ ಅಣ್ಣ?" ಅಂತ ಕಂಡಕ್ಟರ್‌ನ ಕೇಳಿ. ಟೋಲ್ ಶುರುವಾದಾಗಿನಿಂದ ಹೆದ್ದಾರಿಯಲ್ಲಿ ಹೋಗೋ ಕೆಎಸ್‌ಆರ್‌ಟಿಸಿ ಬಸ್ ಟಿಕೆಟ್‌ಗೆ ಬಳಕೆದಾರರ ಶುಲ್ಕವೂ ಸೇರಿದೆ. ಅಂದರೆ ಕಾರಿಲ್ಲದವರೂ ಟೋಲ್ ಕಟ್ಟುತ್ತಿದ್ದಾರೆ.

ತೊಂದರೆ ಆದ್ರೆ ಯಾರಿಗೆ ಹೇಳೋದು?

- 1033: ಹೆದ್ದಾರಿ ಸಹಾಯವಾಣಿ. ಗಾಡಿ ಕೆಟ್ಟರೆ, ಅಪಘಾತ ಆದ್ರೆ, ಟೋಲ್ ಅಥವಾ ಫಾಸ್ಟ್ಯಾಗ್ ತಕರಾರು ಇದ್ರೆ, ಗುಂಡಿ, ದೀಪದ ದೂರು ಇದ್ರೆ.
- 112: ಪೊಲೀಸ್ ಮತ್ತು ತುರ್ತು ಸೇವೆ. 108: ಆಂಬುಲೆನ್ಸ್.
- ಕರೆ ಮಾಡುವಾಗ ಹತ್ತಿರದ ಕಿ.ಮೀ. ಕಲ್ಲಿನ ಸಂಖ್ಯೆ ಮತ್ತು ಯಾವ ಕಡೆಗೆ ಹೋಗ್ತಿದ್ದೀರಿ (ಬೆಂಗಳೂರು ಕಡೆಗಾ, ಮೈಸೂರು ಕಡೆಗಾ) ಹೇಳಿ. "ಮಂಡ್ಯ ಹತ್ತಿರ" ಅಂದ್ರೆ ಸಾಲದು.
- ಸರ್ವಿಸ್ ರಸ್ತೆ, ಅಂಡರ್‌ಪಾಸ್, ಚರಂಡಿ ಎಲ್ಲ ಈ ಹೆದ್ದಾರಿ ಯೋಜನೆಯದ್ದೇ ಭಾಗ. ಗ್ರಾಮ ಪಂಚಾಯಿತಿಗೆ ಮಾತ್ರ ಹೇಳಿ ಸುಮ್ಮನಾಗಬೇಡಿ. ಪ್ರಾಧಿಕಾರದ ಯೋಜನಾ ಕಚೇರಿಗೆ ಫೋಟೊ, ದಿನಾಂಕ ಸಮೇತ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೀರಿ. ಉತ್ತರ ಬರದಿದ್ರೆ ₹10 ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಬಹುದು.

ಕೊನೆಯದಾಗಿ

ರಸ್ತೆಯ ಹೆಸರಲ್ಲಿ ಎರಡು ಊರಿನ ಹೆಸರು ಮಾತ್ರ ಇದೆ, ಬೆಂಗಳೂರು ಮತ್ತು ಮೈಸೂರು. ಅದಕ್ಕೆ ಜಮೀನು ಕೊಟ್ಟು, ಪಕ್ಕದಲ್ಲೇ ಬದುಕ್ತಿರೋರು ಮಧ್ಯದ ಊರಿನವರು. ದಶಪಥದಲ್ಲಿ ಆರು ಪಥ ಹೇಗಿದೆ ಅಂತ ಎಲ್ಲರೂ ನೋಡ್ತಾರೆ. ಉಳಿದ ನಾಲ್ಕು ಪಥ ಹೇಗಿದೆ ಅಂತ ಕೇಳಬೇಕಾದೋರು ನಾವೇ. ನಿಮ್ಮೂರಿನ ಸರ್ವಿಸ್ ರಸ್ತೆಯಲ್ಲಿ ದೀಪ ಇಲ್ಲ ಅಂದ್ರೆ, ಅಂಡರ್‌ಪಾಸ್‌ನಲ್ಲಿ ನೀರು ನಿಲ್ಲುತ್ತೆ ಅಂದ್ರೆ, ಮೊದಲು ಕಿ.ಮೀ. ಕಲ್ಲಿನ ನಂಬರ್ ಬರ್ಕೊಳ್ಳಿ, 1033ಕ್ಕೆ ಹೇಳಿ, ಆಮೇಲೆ ನಮಗೂ ತಿಳಿಸಿ. ನಾವು ಬಂದು ನೋಡ್ತೀವಿ, ಸರ್ವಿಸ್ ರಸ್ತೆಯಲ್ಲೇ.